ಕಾಕಾ ಹಾಡಿದ ಮೂರು ನುಡಿ

ಹೋದ ತಿಂಗಳು ಒಂದು ಬೆಳಿಗ್ಗೆ ಹೆಂಡತಿ ಒಣಮೆಣಸಿನಕಾಯಿ ಹುರಿಯತೊಡಗಿದಾಗ ಮನೆಮಂದಿಯೆಲ್ಲ ಬಾಲ್ಕನಿಗೆ ಓಡಿದರು. ನಾನು ಮಾತ್ರ ಒಲೆಯ ಹತ್ತಿರವೇ ನಿಂತು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದೆ. ಆ ಘಾಟು ಮೂಗಿಗೆ ಬಡಿದರೆ ಸಾಕು, ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಮಾಳಿಗೆ ನೆನಪಾಗುತ್ತದೆ. ಅದರ ಮೆಟ್ಟಿಲು ಹತ್ತಿ ಬಂದಿದ್ದ ಕಾಕಾ ನೆನಪಾಗುತ್ತಾರೆ...

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾವು ನಾಲ್ವರು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಗಿಟಾರನ್ನು ನುಡಿಸುವುದಕ್ಕಿಂತ ಕಿರುಚಿಸುವುದೇ ನಮ್ಮ ಕಸುಬು. ಅದಕ್ಕೆ ನಾಯ್ಸ್ ರಾಕ್ ಎನ್ನುತ್ತಾರೆ. ನಮ್ಮಪ್ಪ ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಸದಾಶಿವ ಪೇಠೆಯ ನಮ್ಮ ವಾಡೆಯಲ್ಲಿ ಒಮ್ಮೆ ಅಭ್ಯಾಸ ಮಾಡಿದ್ದಕ್ಕೆ ಅಕ್ಕಪಕ್ಕದವರು ಸಭೆ ಸೇರಿಸಿದ್ದರು. ಕೊನೆಗೆ ನಮ್ಮ ಡ್ರಮ್ಮರನ ಮಾವನ ಮೆಣಸಿನಕಾಯಿ ಗೋದಾಮಿನ ಮೇಲಿನ ಮಾಳಿಗೆಯೇ ಗತಿಯಾಯಿತು. ನಮ್ಮ ರೆಕಾರ್ಡಿಂಗುಗಳಲ್ಲೆಲ್ಲ ಸೀನು, ಕೆಮ್ಮು ತುಂಬಿಕೊಂಡಿವೆ. ಕೇಳಿದವರು ಅದನ್ನೂ ಸಂಗೀತವೆಂದೇ ತಿಳಿದರು.

ಒಂದು ಮಧ್ಯಾಹ್ನ ಕೆಳಗೆ ಚೀಲ ತೂಗುತ್ತಿದ್ದ ಒಬ್ಬರು ನಮ್ಮ ಗಿಟಾರಿನ ಸದ್ದು ಕೇಳಿ ಅವಸರದಿಂದ ಮೇಲೆ ಬಂದರು. ಮೋಟರ್ ಸುಡುತ್ತಿದೆ, ಮೊದಲು ಕರೆಂಟು ತೆಗೆಯಿರಿ ಎಂದು ಮರಾಠಿಯಲ್ಲಿ ಹೇಳಿದರು. ಇವರಿಗೇನು ತಿಳಿಯುತ್ತದೆ ಎಂದು ನಾನು ಕನ್ನಡದಲ್ಲಿ ಗೊಣಗಿಕೊಂಡೆ. ಅವರು ನನ್ನ ಕಡೆ ತಿರುಗಿ, ತಣ್ಣಗೆ, "ತಿಳೀದಿದ್ರ ನೀ ತಿಳಿಸಿ ಹೇಳಪಾ, ತಮ್ಮಾ" ಎಂದರು. ನಾಚಿಕೆಯಿಂದ ನನ್ನ ಮುಖ ಗೋದಾಮಿನ ಮಾಲಿನಷ್ಟೇ ಕೆಂಪಾಗಿರಬೇಕು.

ಅವರೇ ಕಾಕಾ, ಕಲಬುರಗಿ ಕಡೆಯವರು. ಮೂಟೆ ಹೊರುವ ಹಮಾಲರಾಗಿ ಬಂದು, ಬೆನ್ನು ಸೋತ ಮೇಲೆ ತಕ್ಕಡಿಗೆ ಬಂದವರು. ಬಿಬವೇವಾಡಿಯಲ್ಲಿ ಮನೆ. ಸೋಮವಾರದ ಸಂಜೆ ಊರಿನವರನ್ನು ಕೂಡಿಸಿಕೊಂಡು ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ನಾನು ಹೋಗಿ ಕೇಳಿದೆ. ಗಂಟಲಿನಲ್ಲಿ ಜಲ್ಲಿ ತುಂಬಿಕೊಂಡಂಥ ಆ ದನಿ ನಮ್ಮ ಗಿಟಾರುಗಳಿಗೆ ಸರಿಯಾದ ಜೋಡಿ ಅನ್ನಿಸಿತು.

ಆಗ ನಮಗೊಂದು ಹುಚ್ಚು ಹಿಡಿದಿತ್ತು. ಬೇರೆ ಬೇರೆ ಬಗೆಯ ಸಂಗೀತದವರನ್ನು ಕರೆದು, ಒಬ್ಬೊಬ್ಬರ ಜೊತೆ ಒಂದೊಂದು ಹಾಡು ಮಾಡಿ ಆಲ್ಬಮ್ ತರಬೇಕು ಎಂದು. ಲಾವಣಿಯ ಢೋಲಕಿಯವರು ಬಂದರು, ಮದುವೆ ಬ್ಯಾಂಡಿನ ಕ್ಲಾರಿನೆಟ್‌ನವರು ಬಂದರು. ಕಾಕಾ ಮಾತ್ರ ವಾರಗಟ್ಟಲೆ ಯೋಚಿಸಿ ಒಪ್ಪಿದರು. ಕಾರಣ ನಮ್ಮ ಸಂಗೀತವಲ್ಲ. ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ, ಅವಳಿಗೆ ಒಂದು ತತ್ವಪದವೂ ಬರುವುದಿಲ್ಲ. ತಮ್ಮ ಹಿಂದೆ ಒಂದಾದರೂ ಪದ ಮನೆಯಲ್ಲಿ ಪೂರ್ತಿಯಾಗಿ ಉಳಿಯಲಿ ಎಂಬುದು ಅವರ ಆಸೆ. ಪೂರ್ತಿಯಾಗಿ ಎಂಬ ಮಾತನ್ನು ಅವರು ಎರಡು ಸಲ ಹೇಳಿದ್ದು ನೆನಪಿದೆ.

ಹರಕು ಚೀಲ ಹೊಲಿಯುವವನನ್ನು ಕುರಿತ ಪದ ಅದು, ನಾಲ್ಕು ನುಡಿ. ಕಾಕಾ ಕಣ್ಣುಮುಚ್ಚಿ ಹಾಡಿದರು. ಅವರು ಹೋದ ಮೇಲೆ ನಾವು ಅದರ ಸುತ್ತ ಗದ್ದಲ ಕಟ್ಟಿದೆವು. ಮೂರನೆಯ ನುಡಿಗೆ ಗದ್ದಲ ನೆತ್ತಿಗೇರಿತು. ಇಲ್ಲಿಗೇ ನಿಲ್ಲಿಸೋಣ, ನಾಲ್ಕನೆಯದು ಬಂದರೆ ಜೋರು ಇಳಿಯುತ್ತದೆ ಎಂದ ಡ್ರಮ್ಮರ್. ಅವನಿಗೆ ಕನ್ನಡ ಬಾರದು, ಅವನ ತಪ್ಪಿಲ್ಲ. ನನಗೆ ಗೊತ್ತಿತ್ತು. ಪದ ಕಟ್ಟಿದ ಗುರುವಿನ ಹೆಸರು, ಅಂದರೆ ಅಂಕಿತ, ಬರುವುದೇ ಕೊನೆಯ ನುಡಿಯಲ್ಲಿ. ಅಂಕಿತ ಬಂದಾಗ ಕೈ ಮುಗಿಯುತ್ತಿದ್ದ ಅಜ್ಜಿಯ ತೊಡೆಯ ಮೇಲೆ ಬೆಳೆದವನು ನಾನು. ಆದರೂ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು, ಕ್ಯಾಸೆಟ್ಟಿನ ಆ ಜಾಗದ ಮೇಲೆ ಬರೀ ಮೌನವನ್ನು ರೆಕಾರ್ಡ್ ಮಾಡಿಬಿಟ್ಟೆ. ಕಾಕಾ ಹಾಡಿದ್ದ ನಾಲ್ಕನೆಯ ನುಡಿ ಅಳಿಸಿಹೋಯಿತು.

ಕಾಕಾ ಕೇಳಲು ಬಂದರು. ಒಗೆದ ಧೋತರ ಉಟ್ಟಿದ್ದರು. ಹೆಡ್‌ಫೋನ್ ಹಾಕಿಕೊಂಡು ಗದ್ದಲಕ್ಕೆಲ್ಲ ತಲೆಯಾಡಿಸಿದರು. ಮೂರನೆಯ ನುಡಿ ತೀರುತ್ತಿದ್ದಂತೆ, ಮುಂದೆ ಬರುವ ಅಂಕಿತಕ್ಕೆ ಮುಗಿಯಲೆಂದು ಎರಡೂ ಕೈ ಎತ್ತಿದರು. ಹಾಡು ನಿಂತಿತು. ಕೈ ಎದೆಯ ಹತ್ತಿರ ಹಾಗೇ ಉಳಿದವು...

"ತಮ್ಮಾ, ಗುರುವಿನ ಹೆಸರ ಎಲ್ಲಿ ಹೋತು?"

ಟೇಪು ಮುಗಿದುಹೋಯಿತು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಕಾಕಾ ನಂಬಿದರು. ಟೇಪು ಮುಗಿದರೆ ಹುಡುಗರಾದರೂ ಏನು ಮಾಡುತ್ತಾರೆ ಎಂದು ನನ್ನನ್ನೇ ಸಮಾಧಾನ ಮಾಡಿದರು. ಇನ್ನೊಮ್ಮೆ ಹಾಡಿರಿ ಎಂದರೆ ಒಪ್ಪಲಿಲ್ಲ. ಅವರ ಮೇಳದಲ್ಲಿ ಒಂದು ಕಟ್ಟಳೆ ಇತ್ತಂತೆ. ಮುಂದಾಳಿನ ಉಸಿರು ನಡುವೆ ನಿಂತರೆ, ಅವನೇ ಮತ್ತೆ ಎತ್ತಿಕೊಳ್ಳುವಂತಿಲ್ಲ. ಹಿಂದೆ ಕುಳಿತವರು ಮುಗಿಸಿಕೊಡಬೇಕು. ಈ ಪದಕ್ಕೆ ಹಿಂದೆ ಕುಳಿತವರು ನೀವೇ, ನೀವೇ ಮುಗಿಸಬೇಕು ಎಂದು ಪಟ್ಟು ಹಿಡಿದರು.

ಮೂರು ಸಂಜೆ ಕಾಕಾ ನಮಗೆ ಪಾಠ ಹೇಳಿದರು. ಕನ್ನಡ ಬಾರದ ಮೂವರು, ಕನ್ನಡ ಬಂದೂ ರಾಗ ಬಾರದ ನಾನು. ಬೇಸ್ ನುಡಿಸುವವನ ಬಾಯಲ್ಲಿ ಚೀಲ ಹೋಗಿ ಇನ್ನೇನೋ ಆಗುತ್ತಿತ್ತು. ಕಾಕಾ ನಗುತ್ತಿದ್ದರು, ಮತ್ತೆ ಹೇಳಿಸುತ್ತಿದ್ದರು. ಅವರ ಆ ತಾಳ್ಮೆಯೇ ನನ್ನನ್ನು ತಿನ್ನತೊಡಗಿತು. ರೆಕಾರ್ಡಿಂಗಿನ ದಿನ ಇನ್ನು ತಡೆಯಲಾಗದೆ ಎಲ್ಲರೆದುರೇ ಹೇಳಿಬಿಟ್ಟೆ: ಟೇಪು ಮುಗಿದಿರಲಿಲ್ಲ, ನಾನೇ ತೆಗೆದೆ.

ಕಾಕಾ ಒಮ್ಮೆ ಸೀನಿದರು. ಹೆಗಲ ಮೇಲಿನ ವಲ್ಲಿಯಿಂದ ಮೂಗೊರೆಸಿಕೊಂಡು ನನ್ನನ್ನೇ ನೋಡಿದರು.

"ಹಂಗಾರ ಎಲ್ಲಾರಕಿಂತ ಜೋರಲೆ ನೀ ಹೇಳಬೇಕು."

ಹೇಳಿದೆ. ಅಂಪ್ಲಿಫೈಯರುಗಳನ್ನೆಲ್ಲ ಆರಿಸಿ, ಕೊನೆಯ ನುಡಿಯನ್ನು ಗಂಟಲು ಹರಿಯುವಂತೆ ಹೇಳಿದೆ. ಅಂಕಿತ ಬಂದಾಗ ಡ್ರಮ್ಮರ್ ತನ್ನಷ್ಟಕ್ಕೆ ಕೈ ಮುಗಿದ. ಆ ಹೊತ್ತು ನನ್ನ ಮೈ ಹಗುರಾದದ್ದು ಇನ್ನೂ ನೆನಪಿದೆ. ಆಲ್ಬಮಿನ ಮೊದಲ ಸೀಡಿಯನ್ನು ಕಾಕಾಗೆ ಕೊಟ್ಟೆವು, ಕೊಂಡವರು ಕಡಿಮೆ. ಕೇಳಿದವರಲ್ಲಿ ಹೆಚ್ಚಿನವರು, ಕೊನೆಯ ಆ ಅರ್ಧ ನಿಮಿಷವನ್ನಷ್ಟೇ ಕಿವಿ ಮುಚ್ಚಿಕೊಳ್ಳದೆ ಕೇಳಿದೆವು ಎಂದರು.

ಆಮೇಲೆ ಬ್ಯಾಂಡು ಚದುರಿತು. ನಾನು ಒಂದು ಆಫೀಸು ಸೇರಿದೆ. ಇದೇ ಊರಿನಲ್ಲಿದ್ದೂ ಬಿಬವೇವಾಡಿಗೆ ಒಮ್ಮೆಯೂ ಹೋಗಲಿಲ್ಲ. ನಾಳೆ ಹೋದರಾಯಿತು ಎನ್ನುತ್ತಲೇ ವರ್ಷಗಳು... ಹೋದ ತಿಂಗಳ ಆ ಘಾಟು ಎಬ್ಬಿಸಿ ಕಳಿಸಿತು.

ಬಾಗಿಲು ತೆರೆದದ್ದು ಮಗಳು. ಈಗ ಅವಳಿಗೇ ದೊಡ್ಡ ಮಕ್ಕಳಿದ್ದಾರೆ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತಂತೆ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬ್ಯಾಂಡಿನವನು ಎಂದು ಗುರುತು ಹೇಳಿದ ಮೇಲೆ ಅವಳು ಒಳಗೆ ಕರೆದು ಕೂರಿಸಿದಳು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಕಾಕಾ ಮಲಗಿದಲ್ಲೇ ಆ ಪದ ಎತ್ತಿದರಂತೆ. ಮೂರು ನುಡಿಯಾದ ಮೇಲೆ ಉಸಿರು ಸಾಲಲಿಲ್ಲ. ಮೇಳದವರು ಯಾರೂ ಮನೆಯಲ್ಲಿರಲಿಲ್ಲ. ಅವಳ ಮುಖವನ್ನೇ ನೋಡಿದರಂತೆ.

"ನನಗ ಬ್ಯಾರೆ ಒಂದೂ ಪದ ಬರಂಗಿಲ್ರೀ. ನಿಮ್ಮ ಸೀಡಿ ಕೇಳಿ ಕೇಳಿ ಆ ಕೊನೀದಷ್ಟ ಪಾಠ ಆಗಿತ್ತು. ನೀವು ಹೇಳಿದಂಗ, ತಪ್ಪತಪ್ಪಽ ಹೇಳಿದೆ. ಅಪ್ಪ ನಕ್ಕರು. ಆಮ್ಯಾಲೆ ಚಹಾ ಬೇಡಿದ್ರು."

ಬಸ್ ಸ್ಟಾಪಿನವರೆಗೂ ಅಳುತ್ತಲೇ ನಡೆದೆ. ಒಮ್ಮೆಯಾದರೂ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ಅದು ಇನ್ನು ಸರಿಯಾಗುವ ಮಾತಲ್ಲ. ಆದರೆ ಅಳುವಿನ ನಡುವೆಯೇ ಒಂದು ನೆಮ್ಮದಿ ಒಳಗೆ ಬಂದು ಕುಳಿತಿತ್ತು. ಕಾಕಾ ಪದವನ್ನು ಅರ್ಧಕ್ಕೆ ಬಿಟ್ಟು ಹೋಗಿರಲಿಲ್ಲ, ಮಗಳು ಮುಗಿಸಿಕೊಟ್ಟಿದ್ದಳು.