ರತ್ನವ್ವನ ಬಾಗಿಲು

ನಮ್ಮತ್ತೆ ರತ್ನವ್ವನ ಜೊತೆ ಊರು ನೋಡಲು ಹೊರಟವರ ಕಾಲು ಬಿದ್ದುಹೋದವೆಂದೇ ತಿಳಿಯಿರಿ. ರವಿವಾರಕ್ಕೊಂದು ಓಣಿ. ಹಳೆಯ ಕಟ್ಟಡ ಕಂಡಲ್ಲೆಲ್ಲ ನಿಂತು ಬಾಗಿಲ ಬುಡಕ್ಕೆ ಬಗ್ಗುವುದು. ಮನೆಯವರು ಹೊರಗೆ ಬಂದು "ಏನ್ ಕಳಕೊಂಡೀರಿ?" ಎಂದರೆ ಉತ್ತರ ಕೊಡಬೇಕಾದವಳು ಸೊಸೆ ನಾನು, ಆರತಿ.

ಕಳೆದುಕೊಂಡದ್ದು ಅತ್ತೆಯ ತವರುಮನೆಯ ಬಾಗಿಲು. ಅಣ್ಣ ತೀರಿದ ಮೇಲೆ ಮನೆ ಮಾರಾಟವಾಯಿತು. ಕೊಂಡವರು ಅದನ್ನು ಕೆಡವಿ, ಸಾಗವಾನಿ ಚೌಕಟ್ಟನ್ನು ಯಾರಿಗೋ ಕೊಟ್ಟರು. ಅಂದಿನಿಂದ ನಾಗರ ಪಂಚಮಿ ಬಂತೆಂದರೆ ಅತ್ತೆಯ ಮೋರೆ ಸಣ್ಣದಾಗುತ್ತದೆ. "ಎಲ್ಲಾರೂ ತವರಿಗೆ ಹೊಂಟಾರ. ನನಗ ಹೋಗಾಕ ಒಂದು ಬಾಗಲರ ಬೇಕಲ್ಲವಾ!"

ಮೊನ್ನೆ ಉಣಕಲ್ಲಿನ ಕಲ್ಲಿನ ಗುಡಿಯಿಂದ ಶುರು. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಗುಡಿಯನ್ನು ಕಣ್ತುಂಬ ನೋಡಿ, "ದೇವರಿಗೆ ನಾಕ ಅದಾವ ನೋಡು" ಎಂದು ಗೊಣಗಿದರು. ನನಗೆ ನಗು ತಡೆಯಲಾಗಲಿಲ್ಲ. ಬಸ್ಸು ಹಿಡಿದು ಧಾರವಾಡಕ್ಕೆ ಹೋದೆವು. ಬಿಸಿಲಲ್ಲಿ ಹೆಂಚಿನ ಮನೆಗಳ ಓಣಿ ಸುತ್ತಿ ಸುತ್ತಿ ನನ್ನ ಸಿಟ್ಟು ನೆತ್ತಿಗೇರುವ ಹೊತ್ತಿಗೆ, ಹಳೆಯ ವಾಡೆಯೊಂದರಲ್ಲಿ ಸಣ್ಣ ವಸ್ತುಸಂಗ್ರಹಾಲಯ ಕಂಡಿತು. ಫ್ಯಾನ್ ಇರುತ್ತದೆಂದು ಒಳಗೆ ನುಗ್ಗಿದವಳು ನಾನೇ.

ಬೀಸುವ ಕಲ್ಲು, ತೊಟ್ಟಿಲು ದಾಟಿ ಅತ್ತೆ ಗಕ್ಕನೆ ನಿಂತರು. ಗೋಡೆಗೆ ಆನಿಸಿಟ್ಟ ಬಾಗಿಲ ಚೌಕಟ್ಟು. ಅದರ ಹೊಸ್ತಿಲಲ್ಲಿ ಬೆರಳು ಹಿಡಿಯುವಷ್ಟು ಕುಳಿ.

"ಇದ ನೋಡ ಆರತೀ! ನಾನೂ ಅಣ್ಣನೂ ಕಾಡುಬಾದಾಮಿ ಒಡದ ಕುಳಿ! ಹೊಸ್ತಿಲ ಮ್ಯಾಲೆ ಒಡೀತಾರೇನಂತ ಅವ್ವ ಬೆನ್ನಿಗೆ ಗುದ್ದಿದ್ಲು!"

ನಾನು ಹಾಂ ಅನ್ನುವುದರೊಳಗೆ ಚೀಲದಿಂದ ಕುಂಕುಮದ ಭರಣಿ ತೆಗೆದು ಹೊಸ್ತಿಲಿಗೆ ಹಚ್ಚಿಯೇಬಿಟ್ಟರು.

ಕಾವಲಿನ ಅಬೀದಾ ಓಡಿಬಂದಳು. "ಅಯ್ಯ! ಮುಟ್ಟಬ್ಯಾಡ್ರಿ ಅಂತ ಬರದದ್ದು ಕಾಣಂಗಿಲ್ಲೇನ್ರಿ?"

"ನನ್ನ ತವರಮನಿ ಹೊಸ್ತಿಲ ಅದು. ಯಾರನ್ನ ಕೇಳ್ಲಿ?" ಎನ್ನುತ್ತ ನಮ್ಮ ಗಟ್ಟಿಗಿತ್ತಿ ಬಿಕ್ಕಿದರು.

ಅಬೀದಾ ಕುಂಕುಮ ಒರೆಸಿದಳು. ಅದು ಅವಳ ಕೆಲಸ. ನಾವು ಹೊರಟಾಗ ಮಾತ್ರ ಹಿಂದಿನಿಂದ ಕೂಗಿದಳು. "ನಿಂದರ್ರಿ. ತವರಿಗೆ ಬಂದಾಕಿ ಖಾಲಿ ಉಡೀಲೆ ಹೋಗಬಾರದು."

ತನ್ನ ಊಟದ ಚೀಲದಿಂದ ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ ತೆಗೆದಳು. ಅತ್ತೆ ಸೆರಗೊಡ್ಡಿ ಉಡಿ ತುಂಬಿಸಿಕೊಂಡರು. ತವರು ಬರಿದಾಗಬಾರದೆಂದು ನಾಲ್ಕು ಕಾಳು ಅವಳ ಕೈಗೇ ತಿರುಗಿ ಹಾಕಿದರು.

ಅತ್ತೆ ಕಣ್ಣೊರೆಸಿಕೊಂಡು ಕೇಳಿದರು: "ಪಂಚಮಿಗೆ ಇಲ್ಲಿ ಸೂಟಿ ಇರತದೇನವಾ?"

"ಇದ್ರೂ ಬಾಗಲಾ ನಾ ತಗೀತೇನ್ರಿ. ಪಂಚಮಿ ಉಂಡಿ ತರೂದು ಮರೀಬ್ಯಾಡ್ರಿ."