ಭಾವನ ದೋಣಿಗೆ ಮಗ್ಗದ ಹಾಡು

ಹಿಂದೂಪುರದ ನಮ್ಮ ಮನೆಯ ಹಿಂಬದಿಯ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಅವು ಓಡುತ್ತಿರುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ನಾನು ಅಂಗೈಯಗಲದ ಒಂದು ಹಾಡಿನ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮಗ್ಗದ ಸದ್ದು ದೂರ ಹೋಗುತ್ತದೆ, ಹಾಡು ಹತ್ತಿರ ಬರುತ್ತದೆ. ಫೋನಿನಲ್ಲೇ ಕೇಳಬಾರದಾ ಎಂದು ಮನೆಯವರು ಅನ್ನುತ್ತಾರೆ. ಫೋನಾದರೆ ಹಾಡಿನ ಮಧ್ಯೆ ಯಾರಾದರೂ ಕರೆ ಮಾಡುತ್ತಾರೆ. ಈ ಪೆಟ್ಟಿಗೆಯೊಳಕ್ಕೆ ಯಾರೂ ನುಗ್ಗಲಾರರು. ಮಗ್ಗದ ಧೂಳು ಬೀಳದಿರಲಿ ಎಂದು ಮಿಕ್ಕಿದ ರೇಷ್ಮೆ ಸೆರಗಿನ ತುಂಡನ್ನು ಮಡಿಸಿ ಅದಕ್ಕೊಂದು ದಪ್ಪ ಚೀಲ ಹೊಲಿದಿದ್ದೆ. ಗುಂಡಿ ಒತ್ತಲು ಒಂದು ಕಿಂಡಿ, ಇಯರ್‌ಫೋನಿನ ಪಿನ್ನು ತೂರಿಸಲು ಒಂದು ಸಣ್ಣ ಕಿಂಡಿ.

ಆ ವರ್ಷ ನಮ್ಮ ಕಡೆ ಮಳೆ ಸುರಿದದ್ದು ಯಾರೂ ಮರೆಯುವ ಹಾಗಿಲ್ಲ. ಲೇಪಾಕ್ಷಿಯ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ನೀರು ನೋಡಿ ಬಂದು ಊರಿಗೆಲ್ಲ ಹೇಳುತ್ತಿದ್ದರು. ನನ್ನ ತವರು ಕಲ್ಯಾಣದುರ್ಗದ ಪಕ್ಕದ ಕೆರೆಯೂ ಕೋಡಿ ಬಿದ್ದಿತು. ನಾವು ಲಂಗ ಹಾಕಿಕೊಂಡು ಅಡ್ಡದಾರಿ ಮಾಡಿಕೊಂಡು ಶಾಲೆಗೆ ನಡೆಯುತ್ತಿದ್ದ ಕೆರೆಯಂಗಳ ಅದು. ಈಗ ಅಲ್ಲಿ ಜಾಲಿಗಿಡಗಳ ತುದಿ ಮಾತ್ರ ಕಾಣುತ್ತಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಅಕ್ಕನನ್ನು ಕೊಟ್ಟದ್ದು ಊರಲ್ಲೇ. ಭಾವ ಬಸ್ಸಿನ ಡ್ರೈವರಾಗಿದ್ದವರು. ಕಲ್ಯಾಣದುರ್ಗದಿಂದ ಸೆಟ್ಟೂರಿನ ಕಡೆಗೆ, ಗಡಿ ದಾಟಿ ಪಾವಗಡಕ್ಕೆ, ಎಲ್ಲಿ ನೋಡಿದರೂ ಕಲ್ಲುಗುಡ್ಡ ಮತ್ತು ಕಡಲೆಕಾಯಿ ಹೊಲ ಇರುವ ದಾರಿಗಳಲ್ಲಿ ಆಯುಷ್ಯವೆಲ್ಲ ಸ್ಟೀರಿಂಗ್ ತಿರುಗಿಸಿದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತಿದ್ದವರಿಗೆ ಕೆರೆ ತುಂಬಿದ್ದು ಕಂಡು ಏನು ಹೊಳೆಯಿತೋ, ಯಾವುದೋ ಜಲಾಶಯದ ಬಳಿ ಮೂಲೆಗೆ ಬಿದ್ದಿದ್ದ ಹಳೆಯ ಮೋಟಾರ್ ದೋಣಿಯೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದುಬಿಟ್ಟರು. ಪಂಚಾಯಿತಿಯವರ ಅಪ್ಪಣೆಯನ್ನೂ ಪಡೆದರು. ಭಾನುವಾರ ಜನರನ್ನು ಕೂರಿಸಿಕೊಂಡು ಕೆರೆಯಲ್ಲಿ ಒಂದು ಸುತ್ತು ಹಾಕಿಸುವುದು ಅವರ ಯೋಚನೆ.

"ದೋಣಿ ಚೆಂದಾಗೈತೆ ಕಣೆ," ಎಂದಳು ಅಕ್ಕ. "ಸೀಟಿನಡೀಲಿ ಎರಡು ಸ್ಪೀಕರ್ರು ಬೇರೆ. ಆದ್ರೆ ಹಾಡೇ ಬರಾಕಿಲ್ಲ. ರೇಡಿಯೋ ಹಾಕಿದ್ರೆ ಎಣ್ಣೇಲಿ ಒಗ್ಗರಣೆ ಬಿದ್ದಂಗೆ ಚೊರ್ ಅಂತೈತೆ. ಪಿನ್ನು ಚುಚ್ಚೋ ತೂತು ಒಂದೈತೆ. ನಮ್ ಫೋನುಗಳಿಗೆ ಅಂತಾ ತೂತೇ ಇಲ್ಲ. ನಿನ್ ಮಗ್ಗದ ಪೆಟ್ಟಿಗೇಗೆ ಐತಲ್ಲ? ತಗಂಬಾ. ಶುಕ್ರವಾರ ನಾವು ಹೆಂಗಸರು ಕೆರೆ ನಡುವಿಗೆ ಹೋಗಿ ಗಂಗಮ್ಮಂಗೆ ಬಾಗಿನ ಬಿಡಾಣ ಅಂತ. ಹಾಡಿಲ್ದೆ ಹೆಂಗೆ ಬಿಡಾದು?"

ನಾನು ಮಾರುಕಟ್ಟೆಯ ಹತ್ತಿರದ ವೈರಿನಂಗಡಿಗೆ ಹೋಗಿ ಎರಡೂ ಕೊನೆಗೆ ಪಿನ್ನಿರುವ ವೈರು ಕೇಳಿದೆ. ಅಂಗಡಿಯಾತ ತೆಲುಗಿನಲ್ಲಿ, "ಎಂದುಕಮ್ಮಾ, ಕಾರುಕಾ?" ಎಂದ. "ಕಾರುಕು ಕಾದು, ಪಡವಕು," ಕಾರಿಗಲ್ಲ, ದೋಣಿಗೆ ಅಂದೆ. ಆತ ಒಮ್ಮೆ ಮೇಲೆ ಕೆಳಗೆ ನನ್ನನ್ನು ನೋಡಿ, ನಕ್ಕು, ಸ್ವಲ್ಪ ಉದ್ದದ್ದನ್ನೇ ತೆಗೆದುಕೊಟ್ಟ. ಹಿಂದೂಪುರದಲ್ಲಿ ದೋಣಿಗೆ ವೈರು ಕೇಳಿದ ಮೊದಲನೆಯವಳು ನಾನೇ ಇರಬೇಕು.

ಶುಕ್ರವಾರ ಬೆಳಗಿನ ಬಸ್ಸು ಹಿಡಿದು, ಮಡಕಶಿರಾ, ಪಾವಗಡ ದಾಟಿ ಕಲ್ಯಾಣದುರ್ಗ ಸೇರಿದೆ. ಅಕ್ಕನ ಮನೆಯಲ್ಲಿ ಉಗ್ಗಾನಿಗೆ ಮಂಡಕ್ಕಿ ನೆನೆದಿತ್ತು, ಬಜ್ಜಿಯ ವಾಸನೆ ಬೀದಿಯವರೆಗೂ ಬಂದಿತ್ತು. ಅಮ್ಮ ಇರುವುದು ಅಕ್ಕನ ಜೊತೆಯಲ್ಲಿ. ನಾನು ನೇಯ್ದು ಕೊಟ್ಟಿದ್ದ ಹಸಿರು ಸೀರೆಯನ್ನು ಆಗಲೇ ಉಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಆದರೆ ಬಾಯಲ್ಲಿ ಬೇರೆ ಮಾತು.

"ನಾನು ದಂಡೇಲೇ ಕುಂತ್ಕತೀನಿ ಕಣಮ್ಮ. ನೀವು ಹೋಗಿ ಬನ್ನಿ. ನೀರ್ ಮ್ಯಾಲೆ ಕುಂತ್ಕಳಾದು ನಮಗೆ ಬಂದಿಲ್ಲ."

"ಅತ್ತೆ, ಸೆಟ್ಟೂರಿನ ದಾರೀಲಿ ನನ್ ಬಸ್ಸಿನಾಗೆ ಕುಂತು ಬಂದೋರು ನೀವು," ಎಂದರು ಭಾವ. "ಆ ಗುಂಡೀಲಿ ಎದ್ದು ಬಿದ್ದು ಬಂದೋರಿಗೆ ಈ ನೀರು ಒಂದು ಲೆಕ್ಕಾನಾ? ಇಲ್ಲಿ ಗುಂಡೀನೇ ಇಲ್ಲ."

ಅಮ್ಮನಿಗೆ ನಗು ಬಂತು. ಬರುತ್ತೇನೆಂದು ಹೇಳಲಿಲ್ಲ, ಆದರೆ ನಮ್ಮ ಜೊತೆ ಕೆರೆಯವರೆಗೆ ಬಂದಳು. ಪಕ್ಕದ ಮನೆಯ ಅತ್ತೆ ಸೊಸೆ ಇಬ್ಬರೂ ಮೊರಗಳನ್ನು ಹಿಡಿದು ಬಂದರು.

ದೋಣಿ ನೀಲಿ ಬಣ್ಣದ್ದು. ಭಾವ ಅದರ ಮುಂದಕ್ಕೆ ಬಸ್ಸಿಗೆ ಕಟ್ಟುವ ಹಾಗೆಯೇ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ನಾನು ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಹತ್ತಿ ಸ್ಟೀರಿಯೋ ಹುಡುಕಿದೆ. ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಪಿನ್ನು ಹಿಡಿದು ತೂತಿಗೆ ಒತ್ತಿದರೆ ಒಳಗೆ ಹೋಗಲೊಲ್ಲದು. ಬಗ್ಗಿ ನೋಡಿದರೆ ತೂತಿನ ತುಂಬ ಮಣ್ಣು. ದೋಣಿ ಮೂಲೆಯಲ್ಲಿ ಬಿದ್ದಿದ್ದಾಗ ಯಾವುದೋ ಕುಂಬಾರ ಹುಳ ಅದರಲ್ಲಿ ಗೂಡು ಕಟ್ಟಿಕೊಂಡು, ಮರಿ ಮಾಡಿಕೊಂಡು, ಬಾಗಿಲು ಮುಚ್ಚಿ ಹೋಗಿತ್ತು!

ಅಕ್ಕ ತಲೆಯಿಂದ ಹೇರ್‌ಪಿನ್ನು ತೆಗೆದುಕೊಟ್ಟಳು. ಭಾವ ಬ್ಯಾಟರಿಯ ವೈರು ಬಿಚ್ಚಿದರು. ನಾನು ನೂಲಿನ ಗಂಟು ಬಿಡಿಸುವ ಹಾಗೆ ಕೂತು ಮೆಲ್ಲಗೆ ಕೆರೆದೆ. ಮಣ್ಣು ಪುಡಿ ಪುಡಿಯಾಗಿ ಉದುರಿತು. ಪಕ್ಕದ ಮನೆಯ ಸೊಸೆ ಊದುವ ಕೊಳವೆಯ ಹಾಗೆ ಕೈ ಸುತ್ತಿ ಊದಿದಳು. ಪಿನ್ನು ಒಳಗೆ ಹೋಗಿ ಟಿಕ್ ಎಂದಿತು. ಭಾವ ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿದರು. ಇನ್ನೊಂದು ಕೊನೆಯನ್ನು ನನ್ನ ರೇಷ್ಮೆ ಚೀಲದ ಕಿಂಡಿಯಲ್ಲಿ ತೂರಿಸಿ ಪೆಟ್ಟಿಗೆಗೆ ಚುಚ್ಚಿದೆ. ಗಂಗಮ್ಮನ ಹಾಡು ಹುಡುಕಿ ಗುಂಡಿ ಒತ್ತಿದೆ. ಸೀಟಿನಡಿಯಿಂದ ತಬಲಾ ಎದ್ದು ಬಂತು, ಹಿಂದೆಯೇ ಹಾರ್ಮೋನಿಯಂ.

ನಾವೆಲ್ಲ ಚಪ್ಪಾಳೆ ಹೊಡೆದೆವು. ದಂಡೆಯ ಮೇಲಿದ್ದ ಅಮ್ಮನೂ ಎದ್ದು ನಿಂತಳು. "ಅಯ್ಯೋ, ನಿಜವಾಗ್ಲೂ ಬಂದ್ಬುಟ್ತಲ್ಲೇ!" ಎಂದವಳು ಆ ಖುಷಿಯಲ್ಲೇ ಕೈ ಚಾಚಿದಳು. ಭಾವ ಆ ಕೈ ಬಿಡಲಿಲ್ಲ. ಹಿಡಿದು ದೋಣಿಗೆ ಹತ್ತಿಸಿ, ಕಿತ್ತಲೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ನಡುವಿನ ಸೀಟಿನಲ್ಲಿ ಕೂರಿಸಿ, "ರೈಟ್ ರೈಟ್!" ಎಂದು ತಮಗೆ ತಾವೇ ಹೇಳಿಕೊಂಡು ಮೋಟಾರ್ ಎಳೆದರು.

ದಂಡೆ ಹಿಂದೆ ಸರಿಯಿತು. ನೀರು ಟೀ ಬಣ್ಣದ್ದು. ಮುಳುಗಿದ ಜಾಲಿಯ ತುದಿಗಳ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಅಮ್ಮ ನನ್ನ ಮೊಣಕೈಯನ್ನು ಬಲವಾಗಿ ಹಿಡಿದಿದ್ದಳು. ಹಾರ್ಮೋನಿಯಂ ಮುಗಿಯಿತು, ಕೊಳಲು ಮುಗಿಯಿತು. ಇನ್ನು ಹಾಡುವವಳ ದನಿ ಬರಬೇಕು. ಬರಲಿಲ್ಲ. ತಬಲಾ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹಾರ್ಮೋನಿಯಂ ಆಗಾಗ ಯಾರಿಗೋ ಉತ್ತರ ಕೊಡುತ್ತಿತ್ತು. ಪ್ರಶ್ನೆ ಕೇಳಿದವರು ಮಾತ್ರ ಇಲ್ಲ. ಕಿವಿಗೊಟ್ಟರೆ ಬಾವಿಯ ತಳದಲ್ಲಿ ಯಾರೋ ಗುನುಗಿದಂಥ ಸದ್ದು, ಅಷ್ಟೇ.

"ಆಯಮ್ಮ ಎಲ್ಲೋದ್ಲು?" ಎಂದಳು ಅಕ್ಕ.

ಇನ್ನೊಂದು ಹಾಡು ಹಾಕಿದೆ. ಅದರಲ್ಲೂ ಹಾಡುವವನಿಲ್ಲ, ಬರೀ ಮೇಳ. ತೆಲುಗು ಹಾಡು ಹಾಕಿದೆ. ಅದೂ ಹಾಗೆಯೇ. ದಿನವೂ ನನ್ನ ಕಿವಿಯಲ್ಲಿ ಹಾಡುವವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ನನ್ನ ಪೆಟ್ಟಿಗೆಯೇ ಕೆಟ್ಟಿತೇನೋ ಎಂದು ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಭಾವ ಮೋಟಾರ್ ನಿಲ್ಲಿಸಿದರು. ನಾವು ಕೆರೆಯ ನಡುವೆ ಬಂದಿದ್ದೆವು. ಮೋಟಾರಿನ ಸದ್ದು ನಿಂತದ್ದೇ ತಬಲಾ ನೀರಿನ ಮೇಲೆ ಇನ್ನೂ ಚೆನ್ನಾಗಿ ಕೇಳತೊಡಗಿತು.

"ಇರಲಿ ಬಿಡು, ಬಾಗಿನ ಬಿಡಾಣ," ಎಂದು ಪಕ್ಕದ ಮನೆಯ ಅತ್ತೆ ಮೊರ ಕೈಗೆತ್ತಿಕೊಂಡರು. ನಾನು ಗಂಗಮ್ಮನ ಹಾಡನ್ನೇ ಮತ್ತೆ ಹಾಕಿದೆ, ಇಲ್ಲದ್ದಕ್ಕಿಂತ ಮೇಳವಾದರೂ ಇರಲಿ ಎಂದು. ಹಾರ್ಮೋನಿಯಂ ಮುಗಿಯಿತು, ಕೊಳಲು ಮುಗಿಯಿತು. ಆಗ, ಹಾಡುವವಳು ಬರಬೇಕಿದ್ದ ಜಾಗದಲ್ಲಿ, ನನ್ನ ಪಕ್ಕದಿಂದಲೇ ದನಿ ಬಂತು.

ಅಮ್ಮ ಹಾಡುತ್ತಿದ್ದಳು.

ಮೊದಲ ಸಾಲು ಸ್ವಲ್ಪ ಒಡೆಯಿತು. ಎರಡನೆಯ ಸಾಲಿಗೆ ಗಂಟಲು ದಾರಿಗೆ ಬಂತು. ಪೆಟ್ಟಿಗೆಯ ಹಾಡಿನ ಮಾತುಗಳಲ್ಲ ಅವು. ಅದೇ ಧಾಟಿಗೆ ಕೂರುವ ಅವಳದೇ ಹಳೆಯ ಹಾಡು. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಅರಿಶಿಣ ಕುಟ್ಟುವಾಗಿನಿಂದ ಹೆಣ್ಣು ಒಪ್ಪಿಸುವವರೆಗೆ ಹಾಡುತ್ತಿದ್ದವಳು ಅವಳು. ಆಮೇಲೆ ಮದುವೆಗಳಿಗೆ ಮೈಕ್ ಸೆಟ್ಟು ಬಂತು. ಯಾರೂ ಅವಳನ್ನು ಬೇಡ ಅನ್ನಲಿಲ್ಲ, ಹಾಡು ಅಂತಲೂ ಅನ್ನಲಿಲ್ಲ. ಅಷ್ಟು ಗದ್ದಲದಲ್ಲಿ ಎಲ್ಲಿ ಹಾಡುವುದು ಎಂದು ಸುಮ್ಮನಾದಳು. ಅವಳು ಬಾಯಿಬಿಟ್ಟು ಹಾಡಿದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು.

ಪಕ್ಕದ ಮನೆಯ ಅತ್ತೆಗೆ ಆ ಹಾಡು ಗೊತ್ತಿತ್ತು. ಮೊರ ಮಡಿಲಲ್ಲಿಟ್ಟುಕೊಂಡು ಸೊಲ್ಲು ಹಿಡಿದರು. ಅಕ್ಕ ಸೇರಿಕೊಂಡಳು. ನಾನೂ ಸೇರಿಕೊಂಡೆ. ಹಾರ್ಮೋನಿಯಂ ಈಗ ಉತ್ತರ ಕೊಡುತ್ತಿದ್ದುದು ನಮಗೆ. ಹಾಡುತ್ತಲೇ ಒಂದೊಂದು ಮೊರವನ್ನೂ ನೀರಿಗೆ ಬಿಟ್ಟೆವು. ಅರಿಶಿಣ ಕುಂಕುಮ ಬಳೆ ಹೊತ್ತುಕೊಂಡು ಅವು ಒಂದರ ಹಿಂದೊಂದು ತೇಲಿಹೋದವು. ಅಮ್ಮ ನನ್ನ ಮೊಣಕೈ ಬಿಟ್ಟಿದ್ದಳು. ಎರಡು ಕೈಯಲ್ಲೂ ತಾಳ ಹಾಕುತ್ತಿದ್ದಳು.

ದೇವರ ಹಾಡು ಮುಗಿದ ಮೇಲೆ ಅವಳಿಗೆ ಹುರುಪು ಬಂತು. ಮದುವೆಗಳಲ್ಲಿ ಬೀಗರನ್ನು ಗೇಲಿ ಮಾಡುವ ಧಾಟಿ ಎತ್ತಿ, ಅಲ್ಲಿಯೇ ಕಟ್ಟಿ ಹಾಡಿದಳು:

"ಬಸ್ಸು ಬಿಟ್ಟು ಬಂದಾನೆ, ದೋಣಿ ಹತ್ತಿ ಕುಂತಾನೆ,
ನೀರಿನಾಗೆ ಸ್ಟಾಪೆಲ್ಲೈತೆ ಅಳಿಯಪ್ಪ ಹೇಳಯ್ಯ!"

ಎಂದೂ ಅಳಿಯನನ್ನು ಏಕವಚನದಲ್ಲಿ ಮಾತನಾಡಿಸದವಳು. ಹಾಡಿನೊಳಗೆ ಆ ಸಲಿಗೆಗೆ ಅಡ್ಡಿಯಿಲ್ಲ. ಸೊಸೆ ನಗು ತಡೆಯಲಾರದೆ ಸೀಟಿನ ಮೇಲೆ ಬಾಗಿಬಿಟ್ಟಳು. ದೋಣಿ ಓಲಾಡಿತು. ಭಾವ ಸ್ಟೀರಿಂಗ್ ಹಿಡಿದುಕೊಂಡೇ ಎದ್ದು ನಿಂತು, "ಜರುಗಂಡಮ್ಮಾ, ಲೋಪಲಿಕಿ ಜರುಗಂಡಿ!" ಎಂದು ತೆಲುಗಿನಲ್ಲಿ ಕಂಡಕ್ಟರನ ಹಾಗೆ ಒಳಕ್ಕೆ ಸರಿಯಲು ಕೂಗಿದರು.

ನಾನು ಅಷ್ಟರಲ್ಲಿ ಚೀಲ ತಿರುಗಿಸಿ ನೋಡುತ್ತಿದ್ದೆ. ವೈರಿನ ಪಿನ್ನು ನನ್ನ ಇಯರ್‌ಫೋನಿನದಕ್ಕಿಂತ ದಪ್ಪ ಬುಡದ್ದು. ಚೀಲದ ಸಣ್ಣ ಕಿಂಡಿಯಲ್ಲಿ ಅದರ ಬುಡ ಸಿಕ್ಕಿಕೊಂಡು, ಪಿನ್ನು ಪೂರ್ತಿ ಒಳಗೆ ಹೋಗಿರಲಿಲ್ಲ. ಚೀಲ ಕಳಚಿ ಪಿನ್ನನ್ನು ಒತ್ತಿದೆ. ಹಾಡುವವಳ ದನಿ ಒಮ್ಮೆಲೇ ಕೆರೆ ತುಂಬ ಮೊಳಗಿತು. ಸ್ಪಷ್ಟವಾದ, ತಿದ್ದಿದ, ಇಂಪಾದ ದನಿ. ಬೆಳ್ಳಕ್ಕಿಗಳು ಎದ್ದು ಹಾರಿದವು. ಹಾಡುತ್ತಿದ್ದ ನಮ್ಮವರು ಗಪ್ಪನೆ ಸುಮ್ಮನಾದರು.

ನಾನು ಗೆದ್ದವಳ ಹಾಗೆ ಎಲ್ಲರ ಮುಖ ನೋಡಿದೆ. ಯಾರ ಮುಖದಲ್ಲೂ ಸಂತೋಷವಿಲ್ಲ.

"ಏಯ್, ಮೊದ್ಲಿನಂಗೇ ಮಾಡೇ," ಎಂದಳು ಅಕ್ಕ. "ಆಯಮ್ಮನ್ನ ಕಳ್ಸು. ಅಮ್ಮ ಹಾಡ್ತಾವ್ಳೆ, ಕಾಣಾಕಿಲ್ವಾ?"

ನಾನು ಪಿನ್ನನ್ನು ಕೂದಲಷ್ಟು ಹಿಂದಕ್ಕೆ ಎಳೆದೆ. ಹಾಡುವವಳು ಹೊರಟುಹೋದಳು. ತಬಲಾ, ಹಾರ್ಮೋನಿಯಂ, ಕೊಳಲು ಉಳಿದವು. ಅಮ್ಮ ಗಂಟಲು ಸರಿಮಾಡಿಕೊಂಡು, ಬಿಟ್ಟಲ್ಲಿಂದ ಹಿಡಿದಳು. ಪಿನ್ನು ಅಲ್ಲಾಡಿದರೆ ಆಕೆ ಮತ್ತೆ ಬಂದುಬಿಡುತ್ತಾಳೆಂದು ನಾನು ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದು ಕೂತೆ. ಬಿಸಿಲು ಏರಿತು. ಕಟ್ಟಿತಂದಿದ್ದ ಒಬ್ಬಟ್ಟು ದೋಣಿಯಲ್ಲೇ ಖಾಲಿಯಾಯಿತು. ಭಾವ ಮೂರು ಸಲ ದಂಡೆಗೆ ತಿರುಗಿಸಲು ನೋಡಿದರು, ಮೂರು ಸಲವೂ ಅಮ್ಮನೇ, "ಇನ್ನೊಂದ್ ಸುತ್ತು ಹಾಕ್ರಪ್ಪ," ಎಂದಳು. ನೀರ ಮೇಲೆ ಕೂರುವುದು ಬಂದಿಲ್ಲ ಎಂದಿದ್ದವಳು!

ಹಿಂದೂಪುರಕ್ಕೆ ಮರಳಿದ ಮೇಲೆ ವೈರಿನಂಗಡಿಯಲ್ಲಿ ಕೇಳಿದೆ. ಹಾಡುವವರ ದನಿ ಎರಡು ಸ್ಪೀಕರಿನಲ್ಲೂ ಒಂದೇ ಸಮನಾಗಿರುತ್ತದೆ, ಮೇಳ ಮಾತ್ರ ಆ ಕಡೆ ಈ ಕಡೆ ಹಂಚಿರುತ್ತದೆ, ಪಿನ್ನು ಅರ್ಧ ಕೂತಾಗ ಸಮನಾಗಿರುವುದು ಒಂದನ್ನೊಂದು ಹೊಡೆದುಹಾಕಿ, ಬೇರೆಬೇರೆ ಇರುವುದು ಉಳಿದುಕೊಳ್ಳುತ್ತದೆ ಎಂದು ಆತ ವಿವರಿಸಿದ. ನನಗೆ ಅರ್ಧ ತಿಳಿಯಿತು. "ಸರಿಯಾದ ವೈರು ಕೊಡಲಾ?" ಎಂದ. ಬೇಡ ಎಂದೆ.

ಮುಂದಿನ ವಾರ ಅಕ್ಕ ಫೋನು ಮಾಡಿದಾಗ ಹಿಂದಿನಿಂದ ಬಹಳ ಜನರ ಮಾತು ಕೇಳುತ್ತಿತ್ತು. ಬೀದಿಯ ಹೆಂಗಸರೆಲ್ಲ ನಮ್ಮನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ ಎಂದು ಬಂದು ಕೂತಿದ್ದರಂತೆ. ಅಮ್ಮ ಅವರನ್ನು ಸಾಲಾಗಿ ಕೂರಿಸಿಕೊಂಡು ಸೊಲ್ಲು ಹೇಳಿಕೊಡುತ್ತಿದ್ದಳಂತೆ. ನಾನು ಅಮ್ಮನಿಗೆ ಫೋನು ಕೊಡು ಎಂದೆ.

"ಈಗ ಆಗಲ್ಲ ಕಣಮ್ಮ," ಎಂದು ದೂರದಿಂದಲೇ ಅಮ್ಮ ಕೂಗಿದ್ದು ಕೇಳಿಸಿತು. "ಆಮ್ಯಾಕೆ ಮಾತಾಡ್ತೀನಿ. ಇವ್ರಿಗಿನ್ನೂ ಎರಡ್ನೇ ಸೊಲ್ಲೇ ಬಂದಿಲ್ಲ!"