ನಾಲ್ಕಡಿ ನೀರು

ಮೆಣಸೆಯ ಹೋಂಸ್ಟೇ ಮಾಲೀಕ ಯೋಗೇಂದ್ರ ನಾಲ್ಕು ಜನರ ಎದುರು ಆಡಿದ ಮಾತನ್ನು ಬಾಳಗಡಿಯ ಗಾಜಿನಂಗಡಿ ಧರ್ಮಪ್ಪ ಇಂದಿಗೂ ಮರೆತಿಲ್ಲ.

ಯೋಗೇಂದ್ರನಿಗೆ ಎರಡಡಿ ಉದ್ದ, ನಾಲ್ಕಡಿ ಎತ್ತರದ ಅಕ್ವೇರಿಯಂ ಬೇಕಿತ್ತು. ಅದರಲ್ಲಿ ಬಿಡಲು ಸಮುದ್ರದ ನೀಲಿ ಟ್ಯಾಂಗ್ ಮೀನು ತರಿಸಿದ್ದ.

"ಇದು ಅಡ್ಡಕ್ಕೆ ಓಡೋ ಮೀನು ಮಾರಾಯ್ರೆ, ಎತ್ತರ ಎಂತಕ್ಕೆ? ಆರಡಿ ಉದ್ದ ಬೇಕು. ಎರಡಡಿಗೆ ಪುಟ್ಟ ಕ್ಲೌನ್ ಮೀನು ಸಾಕು," ಎಂದ ಧರ್ಮಪ್ಪ.

"ನೀನು ಗಾಜು ಕಟ್ ಮಾಡೋನು, ಮೀನಿನ ಡಾಕ್ಟ್ರಲ್ಲ. ಹೇಳಿದ ಅಳತೆಗೆ ಮಾಡು!"

ಧರ್ಮಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಸಾಯ್ಲಿ ನಿಮ್ಮ ಮೀನು!" ಎಂದು ಬೈದು, ಅದೇ ಅಳತೆಗೆ ಮಾಡಿಕೊಟ್ಟ.

ಎರಡು ತಿಂಗಳ ನಂತರ ಹೋಂಸ್ಟೇಗೆ ಹೋಗಿ ನೋಡಿದರೆ, ಮೀನು ಎರಡೇ ಬಾಲ ಬಡಿತಕ್ಕೆ ಗಾಜು ಮುಟ್ಟಿ ತಿರುಗುತ್ತಿತ್ತು. ಉಜ್ಜಿ ಉಜ್ಜಿ ಮೂತಿ ಬೆಳ್ಳಗಾಗಿತ್ತು. ಧರ್ಮಪ್ಪ ಯಾರೂ ಕೇಳದೆಯೇ ಆರಡಿಯ ತೊಟ್ಟಿ ಮಾಡತೊಡಗಿದ. ಅಂಟು ಒಣಗುವ ಮೊದಲೇ ಮೀನು ಸತ್ತ ಸುದ್ದಿ ಬಂತು. ಗೊತ್ತಿದ್ದೂ ಅವನು ಅಡ್ಡಕ್ಕೆ ಕೊಡದೆ ಹೋದ ನಾಲ್ಕಡಿ ನೀರನ್ನು ಇನ್ನು ಯಾರಿಗೆ ತೀರಿಸುವುದು?